ವ್ಯಾಪಾರದ ವಿಶ್ವಾಸ ಮತ್ತು ಬ್ಯಾಡಗಿಯ ಪೇಟೆ: ಒಂದು ವಿಮರ್ಶೆ

ಫ್ರಾನ್ಸಿಸ್ ಫುಕುಯಾಮರು 1995ರಲ್ಲಿ ಪ್ರಕಟಿಸಿದ ‘ಟ್ರಸ್ಟ್’ ಎಂಬ ಗ್ರಂಥವು ಸಮಾಜಗಳನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತದೆ. ಜಪಾನ್, ಜರ್ಮನಿಗಳಲ್ಲಿ ಅಪರಿಚಿತರೂ ಪರಸ್ಪರ ನಂಬಿ ದೊಡ್ಡ ಉದ್ಯಮಗಳನ್ನು ಕಟ್ಟುವರು. ಚೀನ, ದಕ್ಷಿಣ ಇಟಲಿಗಳಲ್ಲಿ ನಂಬಿಕೆಯು ಮನೆತನದ ಹೊಸ್ತಿಲನ್ನು ಸುಲಭವಾಗಿ ದಾಟದು ಎಂಬುದು ಅದರ ಸಾರ. ವಾದವು ಆಕರ್ಷಕವಾದುದು, ಆದರೆ ಹಾವೇರಿ ಜಿಲ್ಲೆಯ ಪೇಟೆಗಳನ್ನು ಬಲ್ಲವರಿಗೆ ಅದು ಪೂರ್ಣವಾಗಿ ಒಪ್ಪಿಗೆಯಾಗದು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದಿಂದಲೂ ರೈತರು ಬರುತ್ತಾರೆ. ಬಂಧುತ್ವವಿಲ್ಲ, ಎಷ್ಟೋ ವೇಳೆ ಭಾಷೆಯೂ ಬೇರೆ. ಆದರೂ ದಲಾಲಿ ಅಂಗಡಿಯಲ್ಲಿ ಮಾಲನ್ನಿಳಿಸಿ ಟೆಂಡರಿನ ದರಕ್ಕೆ ಕಾಯುತ್ತಾರೆ. ಕಾಯಿಯ ಬಣ್ಣ, ಸುಕ್ಕು, ತೇವಗಳನ್ನು ಕಣ್ಣೂ ಕೈಯೂ ಪರೀಕ್ಷಿಸಬಲ್ಲವು. ರಾಣೇಬೆನ್ನೂರಿನ ಬೀಜದ ವ್ಯಾಪಾರ ಹೀಗಲ್ಲ. ಬೀಜದ ಸತ್ಯಾಸತ್ಯತೆ ತಿಳಿಯುವುದು ಬೆಳೆ ಬಂದ ಮೇಲೆಯೇ. ಅದುವರೆಗೆ ಚೀಲದ ಮೇಲಿನ ಬರೆಹವನ್ನೇ ನಂಬಬೇಕು. 1966ರ ಬೀಜ ಅಧಿನಿಯಮದ ಅಗತ್ಯವು ಹುಟ್ಟಿದುದು ಇಲ್ಲಿಯೇ. ಜಿಲ್ಲೆ ಒಂದೇ, ಸಂಸ್ಕೃತಿ ಒಂದೇ. ನಂಬಿಕೆಯ ರೀತಿ ಮಾತ್ರ ಎರಡು.

2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ಬ್ಯಾಡಗಿಯಲ್ಲಿ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿಯಿಟ್ಟರು, ವಾಹನಗಳೂ ಸುಟ್ಟವು. ಇದನ್ನು ನಂಬಿಕೆಗೆಟ್ಟ ಸಮಾಜದ ಸ್ವಭಾವವೆನ್ನಬಹುದೇ? ಪೇಟೆಯನ್ನು ನಂಬಿ ದೂರದಿಂದ ಮಾಲು ತಂದವರೇ ಅವರು. ಸಂಸ್ಕೃತಿಯು ಒಂದು ದಿನದಲ್ಲಿ ಬದಲಾಗುವುದಿಲ್ಲ. ಮುರಿದುದು, ದರವು ನ್ಯಾಯವಾಗಿ ನಿಂತಿತೆಂಬ ಭರವಸೆ.

ಫುಕುಯಾಮರು ಸಂಸ್ಕೃತಿಗೆ ಕೊಟ್ಟ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಕ್ಕಡಿ, ಟೆಂಡರು, ಹಣದ ಪಾವತಿ ಇವುಗಳ ನಡಾವಳಿಯನ್ನು ಬದಿಗಿಟ್ಟು ಜನರ ಸ್ವಭಾವವನ್ನು ಮಾತ್ರ ತೂಗುವ ಸಿದ್ಧಾಂತವು ಅಪೂರ್ಣವೆಂಬುದು ನಮ್ಮ ಮತ.