ಕಾರ್ಡು ಇದೆ, ಮಾತ್ರೆ ಇಲ್ಲ



ಗುರುಮನೆಯ ಬಾಗಿಲಿಗೆ ಬರುವ ಕಾಗದಗಳನ್ನು ನೋಡಿದರೆ ಒಂದು ಊರಿನ ಕಷ್ಟ ಯಾವುದೆಂದು ತಿಳಿದುಬಿಡುತ್ತದೆ. ನಾನು ಗುರುದೀಕ್ಷೆ ಪಡೆದ ಹೊಸತರಲ್ಲಿ ಜನರು ಹೆಚ್ಚಾಗಿ ಶಾಲಾ ಪ್ರವೇಶಕ್ಕೋ ಉದ್ಯೋಗಕ್ಕೋ ಶಿಫಾರಸು ಪತ್ರ ಕೇಳಲು ಬರುತ್ತಿದ್ದರು. ಈಗ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನನಗಾಗಿ ಕಾದು ನಿಲ್ಲುವವರಲ್ಲಿ ಅನೇಕರ ಕೈಯಲ್ಲಿ ಆಸ್ಪತ್ರೆಯ ಬಿಲ್ಲು ಇರುತ್ತದೆ. ಮಡಚಿ ಮಡಚಿ ಹರಿಯುವಂತಾದ ಆ ಕಾಗದವನ್ನು ಬಿಚ್ಚುವಾಗ ಅವರ ಮುಖದಲ್ಲಿ ಕಾಣುವುದು ರೋಗದ ನೋವಿಗಿಂತ ಸಾಲದ ನಾಚಿಕೆ.

ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ಆಟೋ ಓಡಿಸಿ ಜೀವನ ಸಾಗಿಸುತ್ತಿದ್ದ ಒಬ್ಬರಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ, ಆದರೆ ಹೋದಾಗಲೆಲ್ಲ ಸಿಗುತ್ತಿರಲಿಲ್ಲ. 'ಮುಂದಿನ ವಾರ ಬನ್ನಿ' ಎಂಬ ಮಾತು ಕೇಳಿ ಹಿಂತಿರುಗುವಷ್ಟರಲ್ಲಿ ಅರ್ಧ ದಿನದ ಬಾಡಿಗೆ ಹೋಗಿರುತ್ತಿತ್ತು. ಅಂಗಡಿಯಲ್ಲಿ ಕೊಂಡರೆ ಮಕ್ಕಳ ಶುಲ್ಕಕ್ಕೆ ಕೊರತೆ. ಆದ್ದರಿಂದ ಅವರು ದಿನ ಬಿಟ್ಟು ದಿನ ಮಾತ್ರೆ ನುಂಗುವ ಲೆಕ್ಕ ಹಾಕಿಕೊಂಡರು. ಪಾದದಲ್ಲಿ ಹುಣ್ಣಾಯಿತು, ಮಾಯಲಿಲ್ಲ, ಕೊನೆಗೆ ಕೊಳೆಯಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಸರಕಾರದ ಆರೋಗ್ಯ ಕಾರ್ಡು ಕೈಹಿಡಿಯಿತು. ಶಸ್ತ್ರಚಿಕಿತ್ಸೆಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಆದರೆ ಮೊಣಕಾಲಿನ ಕೆಳಗಿನ ಭಾಗ ಹೋಯಿತು. ಮನೆಗೆ ಭೇಟಿ ನೀಡಿದ ನನಗೆ ಅವರ ಪತ್ನಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕಾಲು ತೆಗೆಯೋಕೆ ದುಡ್ಡು ಕೊಟ್ರು ಫಾದರ್, ಕಾಲು ಉಳಿಸೋ ಮಾತ್ರೆಗೆ ಯಾರೂ ಕೊಡಲಿಲ್ಲ."

ನಮ್ಮ ಆರೋಗ್ಯ ವ್ಯವಸ್ಥೆಯ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಯಾವ ಪಂಡಿತರ ಬರಹದಲ್ಲಿಯೂ ಓದಿಲ್ಲ. ಈ ಲೇಖನವು ಆ ತಾಯಿಯ ಮಾತಿಗೆ ಬರೆದ ವಿವರಣೆ ಮಾತ್ರ.

ಮೊದಲು ನ್ಯಾಯವಾದ ಮಾತನ್ನು ಹೇಳಿಬಿಡಬೇಕು. ವಿಮೆಯ ಯೋಜನೆಗಳಿಂದ ಒಳಿತಾಗಿಲ್ಲ ಎನ್ನುವುದು ಸುಳ್ಳು. ಈ ವಿಷಯದಲ್ಲಿ ಕರ್ನಾಟಕವು ದೇಶಕ್ಕೆ ದಾರಿ ತೋರಿಸಿದ ರಾಜ್ಯ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಹೃದಯದ ಶಸ್ತ್ರಚಿಕಿತ್ಸೆಯನ್ನೂ ಪಡೆಯಬಹುದಾಗಿತ್ತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗಾಗಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂದಿತು. ಆ ಯೋಜನೆ ತಲುಪಿದ ಹಳ್ಳಿಗಳನ್ನೂ ಇನ್ನೂ ತಲುಪದಿದ್ದ ನೆರೆಯ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರು ಸಾಯುವುದು ಗಣನೀಯವಾಗಿ ಕಡಿಮೆಯಾಗಿತ್ತೆಂದು ಅದು ತೋರಿಸಿತು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದುಗೂಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಸಿಕ್ಕಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರವು 70 ವರ್ಷ ದಾಟಿದ ಹಿರಿಯರನ್ನು ಆದಾಯದ ಭೇದವಿಲ್ಲದೆ ಯೋಜನೆಗೆ ಸೇರಿಸಿತು. ಇವೆಲ್ಲ ಜೀವ ಉಳಿಸಿದ ಕೆಲಸಗಳು. ಕೃತಜ್ಞತೆಯಿಲ್ಲದ ಟೀಕೆ ಟೀಕೆಯೇ ಅಲ್ಲ.

ಹಾಗಾದರೆ ತಪ್ಪೆಲ್ಲಿದೆ? ಕಾರ್ಡು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ಗಮನಿಸಿ. ರೋಗಿ ಹಾಸಿಗೆ ಹಿಡಿದು ಆಸ್ಪತ್ರೆಗೆ ದಾಖಲಾದ ಮೇಲೆಯೇ ಮುಖ್ಯವಾಗಿ ಅದಕ್ಕೆ ಬೆಲೆ. ಆದರೆ ಬಡಕುಟುಂಬವೊಂದನ್ನು ಸೋರಿಸುವುದು ಹಾಸಿಗೆಗಿಂತ ಮುಂಚಿನ ಮತ್ತು ಅನಂತರದ ಖರ್ಚು. ರಕ್ತದೊತ್ತಡಕ್ಕೆ, ಸಕ್ಕರೆಗೆ, ಉಬ್ಬಸಕ್ಕೆ ಜೀವಮಾನವಿಡೀ ನುಂಗುವ ಮಾತ್ರೆಗಳು, ಆಗಾಗ ಮಾಡಿಸಬೇಕಾದ ರಕ್ತಪರೀಕ್ಷೆ, ಸ್ಕ್ಯಾನಿಂಗ್, ವೈದ್ಯರ ಶುಲ್ಕ ಇವೆಲ್ಲ ಸೇರಿದರೆ ತಿಂಗಳ ರೇಶನ್ನಿಗಿಂತ ಹೆಚ್ಚಾಗುವ ಮನೆಗಳಿವೆ. ನಮ್ಮ ದೇಶದ ಜನರು ಆರೋಗ್ಯಕ್ಕಾಗಿ ತಮ್ಮ ಕೈಯಿಂದಲೇ ತೆರುವ ಹಣದಲ್ಲಿ ಅತಿ ದೊಡ್ಡ ಪಾಲು ಔಷಧಿಯದ್ದು. ಇನ್ನು ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಕೂಲಿಕಾರ್ಮಿಕನ ಬಸ್ಸಿನ ಖರ್ಚು, ಜೊತೆಗೆ ಬಂದವರ ಊಟ, ವಸತಿ, ಇಬ್ಬರ ಕಳೆದುಹೋದ ಕೂಲಿ, ಇವು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಆ ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ.

ನಮ್ಮ ಮಧ್ಯಮ ವರ್ಗದ ಕುಟುಂಬಗಳ ಪಾಡು ಬೇರೊಂದು ಬಗೆಯದು. ಬಡವರ ಪಟ್ಟಿಯಲ್ಲಿ ಅವರಿಲ್ಲ. 2018ರ ವ್ಯವಸ್ಥೆಯಲ್ಲಿ ಇಂಥವರಿಗೆ ನಿಗದಿತ ಚಿಕಿತ್ಸಾ ದರದ ಶೇ. 30ರಷ್ಟನ್ನು ಮಾತ್ರ ಸರಕಾರ ಭರಿಸುವುದೆಂದಾಯಿತು. ಉಳಿದುದಕ್ಕೆ ಅವರು ಖಾಸಗಿ ವಿಮೆ ಮಾಡಿಸಿ ನೆಮ್ಮದಿಯಿಂದಿರುತ್ತಾರೆ. ಪಾಲಿಸಿಯ ಪುಸ್ತಕವನ್ನು ಓದುವುದು ಕಾಯಿಲೆ ಬಂದ ಮೇಲೆಯೇ. ಕೋಣೆಯ ಬಾಡಿಗೆಗೆ ಮಿತಿ ಇರುವ ಪಾಲಿಸಿಯನ್ನು ತೆಗೆದುಕೊಳ್ಳಿ. ದಿನಕ್ಕೆ 3,000 ರೂಪಾಯಿ ಮಿತಿಯಿದ್ದು ನೀವು 6,000 ರೂಪಾಯಿಯ ಕೋಣೆಯಲ್ಲಿದ್ದರೆ ಹೆಚ್ಚುವರಿ ಬಾಡಿಗೆಯನ್ನು ನೀವು ಕೊಟ್ಟರೆ ಸಾಕೆಂದು ಭಾವಿಸುತ್ತೀರಿ. ಆದರೆ ಅಂಥ ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕ ಮುಂತಾದವುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸಲಾಗುತ್ತದೆ. ಮೊದಲೇ ಇದ್ದ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಬೇಕೆಂಬ ಷರತ್ತೂ ಇದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಆ ಅವಧಿಯ ಗರಿಷ್ಠ ಮಿತಿಯನ್ನು 4 ವರ್ಷದಿಂದ 3 ವರ್ಷಕ್ಕೆ ಇಳಿಸಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಲಾಯಿತು. ಇವು ಸ್ವಾಗತಾರ್ಹವೇ. ಆದರೂ ವಿಮೆ ಎಂಬುದು ಒಪ್ಪಂದ, ಅನುಕಂಪವಲ್ಲ. ಸಹಿ ಹಾಕುವ ಮುನ್ನ ಮನೆಯಲ್ಲಿ ಓದುಬಲ್ಲ ಮಕ್ಕಳಿಂದಲಾದರೂ ಅದನ್ನು ಓದಿಸಿ ಕೇಳಿರೆಂದು ನನ್ನ ವಿನಂತಿ.

ಈಗ ಸರಕಾರದ ಬೊಕ್ಕಸದ ಕಡೆಗೆ ತಿರುಗೋಣ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ತ್ವವನ್ನು ಮುಂದಿಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ನಮ್ಮ ದೇಶದಲ್ಲಿ ಬೇರೂರಿದ್ದು ಆ ವರದಿಯಿಂದ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರೊಳಗೆ ಸರಕಾರಗಳ ಆರೋಗ್ಯ ವೆಚ್ಚವನ್ನು ದೇಶದ ಒಟ್ಟು ಉತ್ಪನ್ನದ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2021-22ರಲ್ಲಿ ಅದು ಶೇ. 1.84 ಆಗಿತ್ತು. ಅದೂ ಕೋವಿಡ್ ಮತ್ತು ಲಸಿಕೆಯ ವರ್ಷ. 2025 ಬಂದಿತು, ಗುರಿ ಕೈಗೆಟುಕಲಿಲ್ಲ. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆಯೆಂದು ಅದೇ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷ. ಆದರೆ ಪ್ರತಿ 100 ರೂಪಾಯಿಯಲ್ಲಿ 39 ರೂಪಾಯಿಯನ್ನು ರೋಗಿಯೇ, ಅದೂ ದುಡಿಯಲಾರದ ಹೊತ್ತಿನಲ್ಲಿ, ಹೊಂದಿಸಬೇಕಾದ ವ್ಯವಸ್ಥೆಯನ್ನು ನಾವು ಸರಿಯೆಂದು ಒಪ್ಪಬಹುದೇ?

ಸಾಲದ್ದಕ್ಕೆ, ಇರುವ ಹಣವನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಯೂ ಇದೆ. ಆಸ್ಪತ್ರೆಗೆ ಸಂದಾಯ ಮಾಡುವ ಲಕ್ಷ ರೂಪಾಯಿ ಕಣ್ಣಿಗೆ ಕಾಣುತ್ತದೆ, ಅದರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮಾತ್ರೆ ಎಂದೂ ಮುಗಿಯದಂತೆ ನೋಡಿಕೊಳ್ಳುವ ಕೆಲಸಕ್ಕೆ ಅಂಥ ಪ್ರಚಾರವಿಲ್ಲ. ಆದರೆ ಅದು ಸಾಧ್ಯವೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ನೆರೆಯ ತಮಿಳುನಾಡು 1990ರ ದಶಕದ ಮಧ್ಯದಲ್ಲಿಯೇ ಒಂದು ವೈದ್ಯಕೀಯ ಸೇವಾ ನಿಗಮವನ್ನು ಕಟ್ಟಿ, ಔಷಧಿಗಳನ್ನು ಅವುಗಳ ಮೂಲ ಹೆಸರಿನಲ್ಲಿ ಒಟ್ಟಾಗಿ ಖರೀದಿಸಿ, ಜಿಲ್ಲೆಗಳ ಉಗ್ರಾಣಗಳ ಮೂಲಕ ಹಂಚತೊಡಗಿತು. ಬ್ಯಾಂಕಿನ ಖಾತೆಯಂತೆ ಪ್ರತಿ ಸರಕಾರಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಇತ್ತು. ಎಷ್ಟು ಪಡೆದರು, ಎಷ್ಟು ಉಳಿಯಿತು ಎಂಬುದು ಅದರಲ್ಲಿ ಕಾಣುತ್ತಿತ್ತು. ರಾಜಸ್ಥಾನವು 2011ರ ಗಾಂಧಿ ಜಯಂತಿಯಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಯೋಜನೆಯನ್ನು ಆರಂಭಿಸಿತು. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ; ಬೇಕಾದದ್ದು ಶಿಸ್ತು ಮತ್ತು ಪ್ರಾಮಾಣಿಕತೆ.

ನಮ್ಮ ರಾಜ್ಯದಲ್ಲಿಯೂ ಒಮ್ಮೆ ಗಂಭೀರವಾದ ಚರ್ಚೆ ನಡೆಯಿತು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ನವೆಂಬರ್ ತಿಂಗಳಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು. ಕೊನೆಗೆ ಮಸೂದೆಯ ಬಿಗಿ ಸಡಿಲವಾಗಿ ಅದು ಅಂಗೀಕಾರವಾಯಿತು. ವೈದ್ಯರ ಅಳಲಿನಲ್ಲಿಯೂ ಸತ್ಯವಿತ್ತು: ಪ್ರತಿ ವೈದ್ಯನನ್ನೂ ಕಳ್ಳನಂತೆ ನೋಡಿದರೆ ಸೇವೆ ಉಳಿಯುವುದಿಲ್ಲ. ಆದರೆ ಆ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿಸಿದ ದನಿ ರೋಗಿಯದು.

ಇನ್ನೊಬ್ಬರ ಕಡೆಗೆ ಬೆರಳು ತೋರಿಸುವ ನಾನು ನಮ್ಮ ಮನೆಯನ್ನೂ ನೋಡಬೇಕು. ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ತಮ್ಮ ಸೇವೆಯನ್ನು ಆರಂಭಿಸಿದ್ದು ಬಡವರಿಗೆ ಔಷಧಿ ಕೊಡುವುದರಿಂದ. ಕಟ್ಟಡಗಳು ಅನಂತರ ಬಂದವು. ನಮ್ಮವೇ ಆದ ಆರೋಗ್ಯ ಸಂಸ್ಥೆಗಳು ಇಂದು ದೊಡ್ಡದಾಗಿ ಬೆಳೆದಿವೆ, ಅಸಂಖ್ಯಾತ ಬಡವರಿಗೆ ನೆರವಾಗುತ್ತಿವೆ. ಆದರೂ ಯಾವುದೇ ಒಂದು ಸಂಸ್ಥೆಯನ್ನು ಉದ್ದೇಶಿಸದೆ ಕೇಳುತ್ತೇನೆ: ನಮ್ಮ ಬಾಗಿಲಿಗೆ ಬಂದ ಬಡವನು ಮೊದಲು ಕಾಣುವುದು ದಾದಿಯ ಮುಖವನ್ನೋ, ಮುಂಗಡ ಹಣ ಕಟ್ಟುವ ಕಿಟಕಿಯನ್ನೋ? ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯ ಪ್ರಸಂಗವನ್ನು ಹೇಳುವಾಗ ಸಂತ ಮಾರ್ಕನು ಆಕೆ ವೈದ್ಯರಿಗಾಗಿ ಇದ್ದುದೆಲ್ಲವನ್ನೂ ಕಳೆದುಕೊಂಡಿದ್ದಳೆಂಬುದನ್ನು ಮರೆಯದೆ ದಾಖಲಿಸುತ್ತಾನೆ. ನಾವು ಆಕೆಯ ವಿಶ್ವಾಸದ ಬಗ್ಗೆ ಪ್ರಬೋಧನೆ ಮಾಡುತ್ತೇವೆ, ಆಕೆಯ ಖಾಲಿಯಾದ ಗಂಟಿನ ಬಗ್ಗೆ ಮಾತನಾಡುವುದಿಲ್ಲ.

ಧರ್ಮಕೇಂದ್ರವೊಂದು ಏನು ಮಾಡಬಹುದು? ಬಿಲ್ಲು ಬಂದಾಗ ಹಣ ಕೂಡಿಸಿಕೊಡುವುದು ಒಳ್ಳೆಯದೇ, ಆದರೆ ಅದು ಕೊನೆಯ ಕೆಲಸ. ಅದಕ್ಕಿಂತ ಮೊದಲು ನಮ್ಮ ವಾರ್ಡುಗಳಲ್ಲಿ ಯಾರು ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದಾರೆಂದು ವಿಚಾರಿಸೋಣ. ನಾಚಿಕೆಯಿಂದ ಅವರು ಹೇಳುವುದಿಲ್ಲ, ನಾವೇ ಕೇಳಬೇಕು. ಕಡಿಮೆ ಬೆಲೆಯ ಜನೌಷಧಿ ಅಂಗಡಿ ಹತ್ತಿರದಲ್ಲಿ ಎಲ್ಲಿದೆಯೆಂದು ವೃದ್ಧರಿಗೆ ತಿಳಿಸೋಣ. ಕಾರ್ಡಿಲ್ಲದ ಅರ್ಹರಿಗೆ ಯುವಜನರು ಕಾರ್ಡು ಮಾಡಿಸಿಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮೂರಿನ ಆರೋಗ್ಯ ಕೇಂದ್ರ ನಮ್ಮದೆಂದು ತಿಳಿದು ಅಲ್ಲಿಗೆ ಹೋಗೋಣ. ಅನುಕೂಲಸ್ಥರು ಅದನ್ನು ಬಿಟ್ಟು ಹೋದಂದಿನಿಂದ ಅಲ್ಲಿ ಮಾತ್ರೆ ಇಲ್ಲವೆಂದರೆ ಕೇಳುವವರೇ ಇಲ್ಲವಾದರು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಬಗ್ಗೆ ಎದ್ದು ನಿಂತು ಕೇಳುವ ನಾವು ಒಮ್ಮೆ ಔಷಧಿಯ ಬಗ್ಗೆಯೂ ಕೇಳೋಣ. ಮತ ಕೇಳಲು ಬಂದವರಿಗೂ ಅದೇ ಪ್ರಶ್ನೆ ಹಾಕೋಣ.

ಆ ಆಟೋ ಚಾಲಕರು ಈಗ ಪೇಟೆಯಲ್ಲಿ ಚಿಕ್ಕದೊಂದು ಅಂಗಡಿಯ ಮುಂದೆ ಕುಳಿತು ಲಾಟರಿಯಂತೆ ಗಿರಾಕಿಗಳನ್ನು ಕಾಯುತ್ತಾರೆ. ಕಳೆದ ಬಾರಿ ಭೇಟಿಯಾದಾಗ ಜೇಬಿನಿಂದ ಆರೋಗ್ಯ ಕಾರ್ಡನ್ನು ತೆಗೆದು ತೋರಿಸಿದರು. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರು. "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದೆ. ಅವರು ನಕ್ಕು ಮಾತು ಬದಲಾಯಿಸಿದರು. ಇನ್ನೊಂದು ಕಾಲು ಇನ್ನೂ ಇದೆ. ಅದನ್ನು ಉಳಿಸುವ ಹೊಣೆ ಅವರೊಬ್ಬರದೇ ಅಲ್ಲ, ಪ್ರಿಯ ಓದುಗರೇ.