ಪುಟ್ಟಿ ಡಬ್ಬಿಗೆ ಮುಚ್ಚಳ

ಕಾಕ್‌ಪಿಟ್ ಗಾಜು ಮಂಜಾಗದಂತೆ ಅಂಟಿಸುವುದು ಹೇಗೆಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದು ಮುಂದಕ್ಕೆ ಹೋಗಿದೆ. ಕಾರಣ, ಮೇಜಿನ ಮೇಲೆ ಕೂತಿರುವ 1/72 ಅಳತೆಯ ಪಿ-51ಡಿ ಮಸ್ಟಾಂಗ್. ಕಂಪನಿಯ ಹೆಸರು ಬೇಡ. ಅಚ್ಚು ಹಳೆಯದು, ಅಂಚಿನಲ್ಲೆಲ್ಲ ಪ್ಲಾಸ್ಟಿಕ್ ತೊಗಲು ನೇತಾಡುತ್ತಿದೆ ಎಂದರೆ ಹಳಬರಿಗೆ ಅರ್ಥವಾಗುತ್ತದೆ. ರೆಕ್ಕೆಯನ್ನು ಒಡಲಿಗೆ ಹಿಡಿದರೆ ಎರಡೂ ಬುಡದಲ್ಲಿ ಬಿರುಕು. ಎಡಗಡೆಯಂತೂ ಉಗುರು ತೂರುತ್ತದೆ. ಅದನ್ನು ನೋಡಿದ ಗೆಳೆಯರೊಬ್ಬರು ಕಾಫಿ ಲೋಟ ಕೆಳಗಿಡದೆಯೇ ಹೇಳಿದರು: “ಒಂಚೂರು ಪುಟ್ಟಿ ಮೆತ್ತಿ ಬಿಡಿ ಸಾರ್, ಮುಗೀತು.”

ಇಲ್ಲ, ಮುಗಿಯುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ.

ಮೊದಲು ಅಂಟಿಸು, ಆಮೇಲೆ ಮೆತ್ತು, ಕೊನೆಗೆ ಉಜ್ಜು ಎನ್ನುವ ಪಂಥವೊಂದು ನಮ್ಮಲ್ಲಿ ಬಹುಕಾಲದಿಂದ ಇದೆ. ಈ ಪಂಥದವರ ಮೇಜಿನ ಮೇಲೆ ಮೊದಲು ಖಾಲಿಯಾಗುವುದು ಪುಟ್ಟಿ ಟ್ಯೂಬ್, ಆಮೇಲೆ ಎಮರಿ ಪೇಪರ್, ಕೊನೆಗೆ ಉತ್ಸಾಹ. ಟ್ಯೂಬಿನ ಪುಟ್ಟಿ ಒಣಗುವುದೆಂದರೆ ಅದರೊಳಗಿನ ದ್ರಾವಕ ಆರಿಹೋಗುವುದು. ಆರಿದಷ್ಟೂ ಅದು ಕುಗ್ಗುತ್ತದೆ. ಇವತ್ತು ಸಮತಟ್ಟಾಗಿ ಕಂಡದ್ದು ಬಣ್ಣ ಹೊಡೆದ ಮರುವಾರ ಹಳ್ಳವಾಗಿ ಎದ್ದುಬರುವುದು ಹೀಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪುಟ್ಟಿಯ ಗಟ್ಟಿತನ ಬೇರೆ, ಪಾಲಿಸ್ಟೈರೀನ್‌ನ ಗಟ್ಟಿತನ ಬೇರೆ. ಎರಡನ್ನೂ ಒಂದೇ ಕಾಗದದಿಂದ ಉಜ್ಜಿದರೆ ಮೆದುವಾದದ್ದು ಬೇಗ ಸವೆಯುತ್ತದೆ. ಅದನ್ನು ಸರಿಮಾಡಲು ಇನ್ನಷ್ಟು ಉಜ್ಜುವ ಹೊತ್ತಿಗೆ, ಮಸ್ಟಾಂಗ್‌ನ ರೆಕ್ಕೆ ಒಡಲಿಗೆ ಸೇರುವಲ್ಲಿರುವ ಆ ಚಂದದ ಬಾಗು ಹೊರಟೇ ಹೋಗಿರುತ್ತದೆ.

ಬಿರುಕು ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ ಒಳ್ಳೆಯ ಬಡಗಿ ಉಳಿ ಹಿಡಿಯುವ ಮೊದಲು ಕೀಲು ನೋಡುತ್ತಾನೆ. ನಾವು ನೋಡಬೇಕಾದ ಕೀಲು ಯಾವುದು? ಲೆಕ್ಕ ಹಾಕಿ. ನಿಜವಾದ ಪಿ-51ಡಿಯ ರೆಕ್ಕೆ ತುದಿಯಿಂದ ತುದಿಗೆ 37 ಅಡಿ. ನಮ್ಮ ಅಳತೆಯಲ್ಲಿ ಹದಿನೈದೂವರೆ ಸೆಂಟಿಮೀಟರ್‌ಗೆ ಸ್ವಲ್ಪ ಮೇಲೆ. ಬುಡದಲ್ಲಿ ರೆಕ್ಕೆಯ ದಪ್ಪ ಐದಾರು ಮಿಲಿಮೀಟರ್. ಆ ದಪ್ಪದ ಮೇಲಂಚಿನಲ್ಲಿ ಅರ್ಧ ಮಿಲಿಮೀಟರ್ ಬಾಯಿ ಬಿಟ್ಟಿದ್ದು ಕೆಳಗಂಚು ಕೂಡಿಕೊಂಡಿದ್ದರೆ, ರೆಕ್ಕೆಯ ತುದಿ ಆರು ಮಿಲಿಮೀಟರ್‌ನಷ್ಟು ಜೋತುಬಿದ್ದಿದೆ ಎಂದೇ ಅರ್ಥ. ಮಸ್ಟಾಂಗ್‌ನ ರೆಕ್ಕೆಗಳು ಮೇಲ್ಮುಖವಾಗಿ ಐದು ಡಿಗ್ರಿ ಎದ್ದಿರಬೇಕು. ಹೀಗೆ ಜೋತುಬಿದ್ದ ರೆಕ್ಕೆಯ ಬುಡಕ್ಕೆ ಪುಟ್ಟಿ ಮೆತ್ತಿದರೆ ಬಿರುಕೇನೋ ಮುಚ್ಚುತ್ತದೆ, ಎದುರಿನಿಂದ ನೋಡಿದರೆ ಮಾತ್ರ ಅದು ಮಸ್ಟಾಂಗ್ ಆಗಿರುವುದಿಲ್ಲ. ಬದಲಿಗೆ ತುದಿಗಳನ್ನು ಮೆಲ್ಲಗೆ ಮೇಲೆತ್ತಿ ನೋಡಿ. ಹತ್ತರಲ್ಲಿ ಆರು ಸಲ ಬಿರುಕು ತಾನಾಗಿ ಮಾಯವಾಗುತ್ತದೆ. ಆ ಸ್ಥಿತಿಯಲ್ಲೇ ಕಾಕ್‌ಪಿಟ್ ಮೇಲಿಂದ ಹಾಯಿಸಿ ತುದಿಯಿಂದ ತುದಿಗೆ ಟೇಪ್ ಎಳೆದು ಕಟ್ಟಿ, ಬುಡಕ್ಕೆ ತೆಳು ಅಂಟು ಹರಿಸಿ, ಒಂದು ರಾತ್ರಿ ಮುಟ್ಟದೆ ಬಿಡಿ.

ಎತ್ತಿದರೂ ಮುಚ್ಚದಿದ್ದರೆ ಒಳಗೆ ಏನೋ ತಡೆಯುತ್ತಿದೆ. ಈ ಬಗೆಯ ಕಿಟ್‌ಗಳಲ್ಲಿ ಚಕ್ರ ಮಡಚಿಕೊಳ್ಳುವ ಗೂಡಿನ ಚಾವಣಿ ರೆಕ್ಕೆಯ ಜೊತೆಗೇ ಇರುತ್ತದೆ. ಅದು ಮೇಲಿನ ಕಾಕ್‌ಪಿಟ್ ನೆಲಕ್ಕೆ ತಾಗಿ ಇಡೀ ರೆಕ್ಕೆಯನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಕಣ್ಣಿಗೆ ಕಾಣದ ಜಾಗವಾದ್ದರಿಂದ ಯಾರೂ ಅನುಮಾನಪಡುವುದಿಲ್ಲ. ಚಾವಣಿಗೆ ಒಂದಿಷ್ಟು ಹಸಿ ಪೋಸ್ಟರ್ ಕಲರ್ ಬಳಿದು, ಅಂಟಿಲ್ಲದೆ ಜೋಡಿಸಿ, ಬಿಚ್ಚಿ ನೋಡಿ. ಮೇಲಿನ ನೆಲದಲ್ಲಿ ಬಣ್ಣ ಮೂಡಿದ ಕಡೆ ತಾಗುತ್ತಿದೆ. ಅಲ್ಲಿ ಕೆರೆಯಿರಿ, ಇನ್ನೆಲ್ಲೂ ಬೇಡ.

ತಡೆಯೂ ಇಲ್ಲ, ಬಿರುಕು ಮಾತ್ರ ಇದೆ ಎಂದರೆ ಒಡಲು ಸಣ್ಣದಾಗಿದೆ. ಬಿಸಿ ಪಾಲಿಸ್ಟೈರೀನ್ ಅಚ್ಚಿನೊಳಗೆ ಆರುವಾಗ ನೂರಕ್ಕೆ ಅರ್ಧದಷ್ಟು ಕುಗ್ಗುತ್ತದೆ. ಅಚ್ಚು ಕೊರೆಯುವವರು ಆ ಲೆಕ್ಕ ಹಿಡಿದೇ ಕೊರೆದಿರುತ್ತಾರೆ. ಆದರೆ ದಪ್ಪವಿದ್ದ ಕಡೆ ಹೆಚ್ಚು, ತೆಳುವಿದ್ದ ಕಡೆ ಕಡಿಮೆ ಕುಗ್ಗುವುದರಿಂದ ತೆಳ್ಳನೆಯ ಒಡಲ ಗೋಡೆ ಒಳಕ್ಕೆ ಬಾಗಿಕೊಳ್ಳುತ್ತದೆ. ಕತ್ತರಿಸಿ ಎಸೆಯುವ ಸ್ಪ್ರೂ ಕಡ್ಡಿಯಿಂದಲೇ ಒಂದು ತುಂಡನ್ನು ಒಳ ಅಗಲಕ್ಕಿಂತ ಕೂದಲೆಳೆಯಷ್ಟು ಉದ್ದವಾಗಿ ಕತ್ತರಿಸಿ, ರೆಕ್ಕೆ ಕೂರುವ ಜಾಗದಲ್ಲಿ ಅಡ್ಡ ಸಿಕ್ಕಿಸಿ ಅಂಟಿಸಿ. ಗೋಡೆಗಳು ಹೊರಕ್ಕೆ ಹೋಗಿ ರೆಕ್ಕೆಯನ್ನು ಮುಟ್ಟುತ್ತವೆ. ಅದಕ್ಕೂ ಬಗ್ಗದ ಬಿರುಕಿಗೆ ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಪಟ್ಟಿ. ಅದೂ ಪಾಲಿಸ್ಟೈರೀನ್, ಕಿಟ್ಟೂ ಪಾಲಿಸ್ಟೈರೀನ್. ಅಂಟು ಎರಡನ್ನೂ ಕರಗಿಸಿ ಬೆಸೆದ ಮೇಲೆ ಎರಡೂ ಒಂದೇ ಸಮ ಸವೆಯುತ್ತವೆ.

ಇನ್ನು ಕೆಲವರಿಗೆ ಮಾತ್ರ ಗೊತ್ತಿರುವ ಉಪಾಯ: ಸೂಚನಾಪತ್ರದ ಕ್ರಮವನ್ನೇ ಮುರಿಯುವುದು. ಪೂರ್ತಿ ರೆಕ್ಕೆ ಕಟ್ಟಿ ಒಡಲಿಗೆ ತೂರಿಸಿ ಎಂದು ಅದು ಹೇಳುತ್ತದೆ. ಕೇಳಬೇಡಿ. ರೆಕ್ಕೆಯ ಮೇಲರ್ಧವನ್ನು ಮೊದಲು ಒಡಲಿಗೇ ಅಂಟಿಸಿ, ಒಳಗಿನಿಂದ ಅಂಟು ಹರಿಸಿ. ಕೆಳಗಿನ ಭಾಗ ಆಮೇಲೆ. ಆಗ ಉಳಿದ ತಕರಾರೆಲ್ಲ ಹೊಟ್ಟೆಯ ಕೆಳಗೆ ಹೋಗುತ್ತದೆ, ಉಜ್ಜಲು ಸಲೀಸಾದ ಜಾಗಕ್ಕೆ.

ನಿಜವಾದ ಮಸ್ಟಾಂಗ್‌ಗೆ ಈ ಕಷ್ಟ ಇರಲಿಲ್ಲವೇ? ನನ್ನ ಕಪಾಟಿನ ಅಚ್ಚುಮೆಚ್ಚಿನ ಪುಸ್ತಕ ಮಾತಾಡುವುದು ಇಲ್ಲಿಯೇ. ನಾರ್ತ್ ಅಮೆರಿಕನ್ ಕಂಪನಿಯಲ್ಲಿ ಎಡ್ಗರ್ ಷ್ಮೂಡ್ ವಿನ್ಯಾಸ ಮಾಡುತ್ತಿದ್ದಾಗ ರಾಯ್ ಲೈಮಿಂಗ್ ಎಂಬ ಗಣಿತಜ್ಞ ಅಲ್ಲಿದ್ದ. 1944ರಲ್ಲಿ ಅವನ ‘ಪ್ರಾಕ್ಟಿಕಲ್ ಅನಲಿಟಿಕ್ ಜಿಯೊಮೆಟ್ರಿ ವಿತ್ ಅಪ್ಲಿಕೇಷನ್ಸ್ ಟು ಏರ್‌ಕ್ರಾಫ್ಟ್’ ಪ್ರಕಟವಾಯಿತು. ಹೆಸರು ಕೇಳಿದರೆ ನಿದ್ದೆ ಬರುತ್ತದೆ, ಒಳಗಿರುವುದು ಮಾತ್ರ ನಮ್ಮ ರೋಗಕ್ಕೆ ಮದ್ದು. ಅಲ್ಲಿಯವರೆಗೆ ವಿಮಾನದ ಮೈಯ ಬಾಗುಗಳನ್ನು ಹಡಗು ಕಟ್ಟುವವರ ರೀತಿಯಲ್ಲೇ ಬರೆಯುತ್ತಿದ್ದರು: ದೊಡ್ಡ ನೆಲದ ಮೇಲೆ ನಿಜ ಗಾತ್ರದಲ್ಲಿ, ಬಳುಕುವ ಪಟ್ಟಿಗಳನ್ನು ಭಾರವಿಟ್ಟು ಬಗ್ಗಿಸಿ, ಕಣ್ಣಿಗೆ ನುಣುಪೆನಿಸುವ ತನಕ. ಕಣ್ಣು ಬದಲಾದರೆ ಗೆರೆಯೂ ಬದಲು. ಲೈಮಿಂಗ್ ಕಣ್ಣನ್ನು ಪಕ್ಕಕ್ಕಿಟ್ಟು ಸೂತ್ರ ಹಿಡಿದ. ಶಂಕುವನ್ನು ಓರೆಯಾಗಿ ಕತ್ತರಿಸಿದರೆ ಸಿಗುವ ದೀರ್ಘವೃತ್ತ, ಪರವಲಯದಂಥ ವಕ್ರರೇಖೆಗಳಿಂದಲೇ ಒಡಲಿನ ಮೈಯನ್ನು ಹೆಣೆದ. ಮೂತಿಯಿಂದ ಬಾಲದವರೆಗೆ ಎಲ್ಲಿ ಅಡ್ಡ ಕೊಯ್ದರೂ ಆ ಜಾಗದ ಆಕಾರ ಅಂಕಿಯಲ್ಲಿ ಸಿಗುತ್ತಿತ್ತು. ಒಂದೇ ಅಂಕಿಯಿಂದ ಇಬ್ಬರು ಬೇರೆ ಬೇರೆ ಕಡೆ ಎರಡು ತುಂಡು ಮಾಡಿದರೂ ಅವು ಕೂಡಿಕೊಳ್ಳಬೇಕು. ಒಪ್ಪಂದವಾದ 102 ದಿನಕ್ಕೆ ಮೊದಲ ವಿಮಾನದ ಮೈ ಎಂಜಿನ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂತು. 1940ರ ಅಕ್ಟೋಬರ್ 26ರಂದು ಅದು ಹಾರಿತು. ಈ ಪುಸ್ತಕ ಓದಿದ ಮೇಲೆ ಕಿಟ್‌ನ ಎರಡು ತುಂಡು ಕೂಡದಿದ್ದಾಗ ನನಗೆ ಬರುವುದು ಸಿಟ್ಟಲ್ಲ, ಯಾರ ಅಂಕಿ ಎಲ್ಲಿ ತಪ್ಪಿತೆಂಬ ಕುತೂಹಲ.

ಇಷ್ಟೆಲ್ಲ ಹೇಳಿದ ಮೇಲೆ ಪುಟ್ಟಿ ಪಂಥದವರಿಗೆ ನಾನೇ ಒಂದು ಅಸ್ತ್ರ ಕೊಡಬೇಕಾಗಿದೆ, ಅವರು ಎಂದೂ ಬಳಸದ ಅಸ್ತ್ರ. ನಿಜವಾದ ಮಸ್ಟಾಂಗ್‌ನ ರೆಕ್ಕೆಗೆ ಕಾರ್ಖಾನೆಯಲ್ಲೇ ಪುಟ್ಟಿ ಹಾಕುತ್ತಿದ್ದರು!

ಆ ರೆಕ್ಕೆಯ ಅಡ್ಡಕೊಯ್ತ ಹೊಸ ಬಗೆಯದು. ಗಾಳಿ ಪದರ ಪದರವಾಗಿ, ಕದಡದೆ ಸಾಧ್ಯವಾದಷ್ಟು ಹಿಂದಕ್ಕೆ ಹರಿಯಲಿ ಎಂಬುದು ಉದ್ದೇಶ. ಒಂದು ರಿವೆಟ್ ತಲೆ, ಒಂದು ತಗಡಿನ ಸಂದು ಸಾಕು ಆ ಹರಿವು ಕದಡಲು. ಆದ್ದರಿಂದ ಮುಂದಂಚಿನಿಂದ ರೆಕ್ಕೆಯ ಅಗಲದ ನೂರಕ್ಕೆ ಸುಮಾರು ನಲವತ್ತರವರೆಗೆ ರಿವೆಟ್‌ಗಳನ್ನೂ ಸಂದುಗಳನ್ನೂ ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಒಡಲು ಹೊಳೆಯುವ ಬರಿಯ ಲೋಹ, ರೆಕ್ಕೆ ಬಣ್ಣದ್ದು. ರಣರಂಗದ ಧೂಳು, ಹುಳ, ಬೂಟಿನ ಗೀರು ಸೇರಿದ ಮೇಲೆ ಆ ನುಣುಪಿನಲ್ಲಿ ಎಷ್ಟು ಉಳಿಯಿತು ಎಂಬುದು ಬೇರೆ ಮಾತು.

ರಿವೆಟ್ ತಲೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಸ್ಪಿಟ್‌ಫೈರ್‌ನ ಬಟಾಣಿ ಪ್ರಸಂಗ ನೆನಪಿಸುತ್ತೇನೆ. ಚಪ್ಪಟೆ ರಿವೆಟ್ ದುಬಾರಿ, ಗುಂಡುತಲೆಯದು ಅಗ್ಗ. ಗುಂಡುತಲೆ ಬಳಸಿದರೆ ವೇಗ ಎಷ್ಟು ಹೋಗುತ್ತದೆಂದು ತಿಳಿಯಲು ಸೂಪರ್‌ಮರೀನ್‌ನವರು ಮೂಲ ವಿಮಾನದ ಚಪ್ಪಟೆ ರಿವೆಟ್‌ಗಳ ಮೇಲೆ ಒಡೆದ ಬಟಾಣಿ ಬೇಳೆ ಅಂಟಿಸಿ ಹಾರಿಸಿದರು. ಗಂಟೆಗೆ 22 ಮೈಲಿಯವರೆಗೆ ವೇಗ ಇಳಿಯಿತು. ಆಮೇಲೆ ಒಂದೊಂದೇ ಭಾಗದ ಬೇಳೆ ಕಿತ್ತು, ಎಲ್ಲಿ ಗುಂಡುತಲೆ ಇದ್ದರೂ ನಷ್ಟವಿಲ್ಲ ಎಂದು ಪತ್ತೆಮಾಡಿದರು. ನನಗೆ ತಿಳಿದಂತೆ ವಿಮಾನಶಾಸ್ತ್ರದಲ್ಲಿ ಅಡುಗೆಮನೆಯ ಡಬ್ಬಿಯಿಂದ ಬಂದ ಅತ್ಯಂತ ಉಪಯುಕ್ತ ಸಾಮಗ್ರಿ ಇದು.

ಬಟಾಣಿಯಿಂದ ನೇರವಾಗಿ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ಗೆರೆ ಪಂಥದವರು! ವಿಮಾನದ ಮೈಮೇಲಿನ ಪ್ರತಿಯೊಂದು ಪ್ಯಾನೆಲ್ ಗೆರೆಗೂ ಕಪ್ಪು ನೀರು ಹರಿಸಿ, ಇಡೀ ಮೈಯನ್ನು ಚೌಕುಳಿ ಲುಂಗಿ ಮಾಡಿ, ಅದಕ್ಕೆ ‘ನೈಜತೆ’ ಎಂದು ಹೆಸರಿಡುವವರು. ಕಿಟ್‌ನಲ್ಲಿ ಕೊರೆದ ಗೆರೆ 0.2 ಮಿಲಿಮೀಟರ್ ಅಗಲವಿದ್ದರೆ 72ರಿಂದ ಗುಣಿಸಿ: ಹದಿನಾಲ್ಕು ಮಿಲಿಮೀಟರ್‌ಗೂ ಹೆಚ್ಚು. ಕಿರುಬೆರಳು ಹೂತುಹೋಗುವ ಅಂಥ ಚರಂಡಿ ಯಾವ ಯುದ್ಧವಿಮಾನದ ಮೈಮೇಲಿತ್ತು? ದೂರದ ಲೆಕ್ಕವೂ ಹೀಗೆಯೇ. ಮಾದರಿಯನ್ನು ಒಂದೂವರೆ ಅಡಿಯಿಂದ ನೋಡುವುದೆಂದರೆ ನಿಜದ ವಿಮಾನವನ್ನು 108 ಅಡಿ ದೂರದಿಂದ ನೋಡಿದಂತೆ. ಬೆಂಗಳೂರಿನವರು ಪುಸ್ತಕ ಹುಡುಕಬೇಕಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಎಚ್‌ಎಫ್-24 ಮಾರುತ್ ನಿಂತಿದೆ, ಕುರ್ಟ್ ಟ್ಯಾಂಕ್ ಇದೇ ಊರಿನಲ್ಲಿ ಕೂತು ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಮೊದಲು ಹಾರಿದ ಮಾದರಿಯದು. ಹತ್ತಿರ ನಿಂತು ಗೆರೆಗಳನ್ನು ನೋಡಿ, ಆಮೇಲೆ ಜಾಗ ಇರುವಷ್ಟು ಹಿಂದೆ ಸರಿದು ನೋಡಿ. ಅಲ್ಲೇ ನಿಂತು ಆ ಕಪ್ಪು ನೀರಿನ ಶೀಶೆಯನ್ನು ಏನು ಮಾಡಬೇಕೆಂದು ನೀವೇ ತೀರ್ಮಾನಿಸಿ.

ಮಸ್ಟಾಂಗ್‌ನಲ್ಲಿ ಇವರ ಅಪರಾಧ ಇಮ್ಮಡಿ. ಕಾರ್ಖಾನೆಯವರು ಕಷ್ಟಪಟ್ಟು ಮುಚ್ಚಿದ ಗೆರೆಗಳನ್ನು ಇವರು ಕಷ್ಟಪಟ್ಟು ಎತ್ತಿ ತೋರಿಸುತ್ತಾರೆ. ಕಿಟ್ ಕಂಪನಿಗಳು ಆ ಗೆರೆಗಳನ್ನು ಕೊರೆದು ಕೊಟ್ಟಿವೆಯಲ್ಲ ಎಂಬ ವಾದ ನಡೆಯದು. ಇಂದು ಪ್ರದರ್ಶನಗಳಲ್ಲಿ ಹಾರುವ, ರೆಕ್ಕೆಯನ್ನೂ ಕನ್ನಡಿಯಂತೆ ತಿಕ್ಕಿದ ಮಸ್ಟಾಂಗ್‌ಗಳ ಫೋಟೊ ತೋರಿಸುವುದೂ ಬೇಡ. ಅವು ಮಾಲೀಕರ ಇಷ್ಟದಂತೆ ದುರಸ್ತಿಯಾದವು.

ಹಾಗಾಗಿ ಬುಡದ ಬಿರುಕಿಗೆ ಮುಚ್ಚಿಟ್ಟ ಡಬ್ಬಿಯನ್ನು ರೆಕ್ಕೆಯ ಮೇಲೆ ತೆರೆಯಿರಿ. ಬಂದೂಕು ಮತ್ತು ಗುಂಡುಗಳ ಮುಚ್ಚಳ, ಇಂಧನದ ಮುಚ್ಚಳ, ಏಲರಾನ್, ಫ್ಲಾಪ್ ಇವುಗಳ ಗೆರೆ ಹಾಗೇ ಇರಲಿ. ಮುಂಭಾಗದಲ್ಲಿ ಉಳಿದದ್ದಕ್ಕೆಲ್ಲ ದಪ್ಪ ಪ್ರೈಮರ್ ಅನ್ನು ಸಣ್ಣ ಕುಂಚದಿಂದ ಗೆರೆಯ ಉದ್ದಕ್ಕೂ ಎಳೆಯಿರಿ. ಅದೂ ಕುಗ್ಗುವ ಜಾತಿಯದೇ, ಆದ್ದರಿಂದ ಪೂರ್ತಿ ಆರಲು ಬಿಟ್ಟು ಇನ್ನೊಂದು ಕೈ. ಆಮೇಲೆ ಸಾವಿರ ನಂಬರಿನ ಎಮರಿ ಪೇಪರ್, ನೀರು ಹಾಕಿ. ಒಡಲಿಗೆ ಹೊಳಪಿನ ಲೋಹದ ಬಣ್ಣ, ತಗಡು ತಗಡಿಗೆ ಛಾಯೆ ಬದಲಿಸಿ. ರೆಕ್ಕೆಗೆ ಒಂದೇ ಸಮನಾದ, ಸ್ವಲ್ಪ ಮಂಕಾದ ಬೆಳ್ಳಿ ಬಣ್ಣ. ಪೈಲಟ್ ಹತ್ತುವುದು ಎಡಗಡೆಯಿಂದ, ಅಲ್ಲಿನ ಬುಡದಲ್ಲಿ ಬಣ್ಣ ತುಸು ಸವೆಸಿದರೆ ಒಪ್ಪುತ್ತದೆ. ಬಲಗಡೆ ಅಷ್ಟು ಬೇಡ.