ಗ್ರಂಥಾಲಯದ ಕಪಾಟೂ ಇತಿಹಾಸದ ವಿದ್ಯಾರ್ಥಿಯೂ

ವಿಶ್ವವಿದ್ಯಾನಿಲಯದ ಗ್ರಂಥಾಲಯವೊಂದರ ಹಿರಿಮೆಯನ್ನು ಹೇಳಬೇಕಾದಾಗ ಅಲ್ಲಿರುವ ಪುಸ್ತಕಗಳ ಸಂಖ್ಯೆ, ವಾಚನಮಂದಿರದ ವಿಸ್ತಾರ, ಕುರ್ಚಿಗಳ ಎಣಿಕೆ ಇವನ್ನು ಮುಂದಿಡುವುದು ವಾಡಿಕೆ. ಈ ಅಂಕಿಗಳು ಅನಗತ್ಯವೆಂದು ನಾವು ಹೇಳುವುದಿಲ್ಲ. ಆದರೆ ಒಳಗೆ ಬಂದ ವಿದ್ಯಾರ್ಥಿ ತನಗೆ ಬೇಕಾದ ಆಕರವನ್ನು ಮುಟ್ಟಿದನೆ ಎಂಬ ಪ್ರಶ್ನೆಗೆ ಅವು ಉತ್ತರ ಕೊಡಲಾರವು. ಗ್ರಂಥಾಲಯದ ಸ್ಥಳವಿನ್ಯಾಸವನ್ನೂ ಸೇವೆಯನ್ನೂ ಈ ಒಂದು ಪ್ರಶ್ನೆಯ ಬೆಳಕಿನಲ್ಲಿ, ಅದರಲ್ಲಿಯೂ ಇತಿಹಾಸಾಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪುಸ್ತಕವನ್ನು ಕಾಯುವುದಕ್ಕಿಂತ ಅದನ್ನು ಬಳಕೆಗೆ ತರುವುದು ಮುಖ್ಯವೆಂಬುದು ಅವರ ವಿಚಾರದ ಬುನಾದಿ. ಓದುಗನು ಪುಸ್ತಕವನ್ನು ಅರಸಿ ಬಂದರೆ ಸಾಲದು, ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು ಎಂಬ ಕಾರಣದಿಂದಲೇ ಅವರು ತೆರೆದ ಕಪಾಟಿನ ಪದ್ಧತಿಯನ್ನು ಬಲವಾಗಿ ಸಮರ್ಥಿಸಿದರು. ಬೀಗ ಹಾಕಿದ ಕಪಾಟುಗಳನ್ನು ಕಂಡು ಬೆಳೆದ ನಮ್ಮ ನಾಡಿಗೆ ಇದೊಂದು ದೊಡ್ಡ ಉಪಕಾರ.

ಆದರೆ ಕಪಾಟು ತೆರೆದ ಮಾತ್ರಕ್ಕೆ ಕೆಲಸ ಮುಗಿಯಿತೆ? ಹೊಯ್ಸಳರ ಕಾಲದ ಅಗ್ರಹಾರವೊಂದನ್ನು ಕುರಿತು ಪ್ರಬಂಧ ಬರೆಯಹೊರಟ ವಿದ್ಯಾರ್ಥಿಯನ್ನು ನೆನೆಯೋಣ. 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಮಾಂಶ ವರ್ಗೀಕರಣದಂತೆ ರಾಜಕೀಯ ಚರಿತ್ರೆ 900ರ ವರ್ಗದಲ್ಲಿದೆ. ಶಾಸನಶಾಸ್ತ್ರ ಭಾಷೆಗಳೊಡನೆ 400ರಲ್ಲಿದೆ. ಭೂಮಿಯ ಹಿಡುವಳಿಯ ವಿಚಾರ 300ರಲ್ಲಿ, ದೇವಾಲಯವಾಸ್ತುವೂ ನಾಣ್ಯಶಾಸ್ತ್ರವೂ 700ರಲ್ಲಿ, ಅಂದಿನ ಕಾವ್ಯ 800ರಲ್ಲಿ ನೆಲಸಿವೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನಾದರೋ ಪರಾಮರ್ಶನ ವಿಭಾಗದಲ್ಲಿ ಬೇರೆಯಾಗಿ ಇಡುವುದು ರೂಢಿ. ಅರಸನ ವಂಶಾವಳಿ, ದತ್ತಿಯ ಭೂಮಿಯ ಎಲ್ಲೆ, ಸುಂಕದ ಹೆಸರು, ದೇವಾಲಯದ ಪೂಜೆ ಇವೆಲ್ಲವನ್ನೂ ಒಂದೇ ಕಲ್ಲು ಒಟ್ಟಿಗೆ ಹೇಳುತ್ತದೆ. ಕಪಾಟು ಅವನ್ನು ಐದಾರು ದಿಕ್ಕಿಗೆ ಹಂಚುತ್ತದೆ. ಇದು ವರ್ಗೀಕರಣಕಾರನ ತಪ್ಪಲ್ಲ; ಒಂದು ಪುಸ್ತಕ ಏಕಕಾಲಕ್ಕೆ ಎರಡು ಕಡೆ ನಿಲ್ಲಲಾರದು. ಹಾಗೆ ಹಂಚಿಹೋದುದನ್ನು ಕೂಡಿಸುವ ಹೊಣೆ ಗ್ರಂಥಸೂಚಿಗೂ ಗ್ರಂಥಪಾಲರಿಗೂ ಸೇರಿದ್ದು.

ಗ್ರಂಥಸೂಚಿಯ ಸ್ಥಿತಿ ಹೇಗಿದೆ? ಹಳೆಯ ಚೀಟಿಗಳ ಪೆಟ್ಟಿಗೆಯ ಸ್ಥಾನಕ್ಕೆ ಈಗ ಗಣಕಯಂತ್ರ ಬಂದಿದೆ. ಹುಡುಕಾಟದ ವೇಗ ಹೆಚ್ಚಿದೆ. ಆದರೆ ನಾವು ಬಳಸಿದ ಗ್ರಂಥಾಲಯವೊಂದರಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ನಮೂದಿಸಲಾಗಿತ್ತು. ‘ಶಾಸನ’ ಎಂಬ ಶಬ್ದದ ಮೊದಲ ವರ್ಣ ಒಂದು ನಮೂದಿನಲ್ಲಿ ‘ಎಸ್’ ಆಗಿದ್ದರೆ ಇನ್ನೊಂದರಲ್ಲಿ ‘ಎಸ್ ಎಚ್’ ಆಗಿತ್ತು. ಒಂದು ಬಗೆಯಾಗಿ ಕೇಳಿದವನಿಗೆ ಇನ್ನೊಂದು ಬಗೆಯ ಪುಸ್ತಕ ಕಾಣುತ್ತಿರಲಿಲ್ಲ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ತನ್ನ ತಾಲ್ಲೂಕಿನ ಶಾಸನಗಳು ಅಚ್ಚಾಗಿಲ್ಲವೆಂದು ಪ್ರಬಂಧದ ಕರಡಿನಲ್ಲಿ ಬರೆದಿದ್ದ. ಬೇರೊಂದು ಪುಸ್ತಕಕ್ಕಾಗಿ ಹೋದ ನಮಗೆ ಆ ಸಂಪುಟ ಧೂಳು ಹೊತ್ತು ಕುಳಿತಿದ್ದುದು ಕಣ್ಣಿಗೆ ಬಿತ್ತು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಈ ಎರಡರ ಭೇದ ಅಳಿದಲ್ಲಿ ಸೂಚಿಯ ದೋಷ ಇತಿಹಾಸದ ದೋಷವಾಗಿ ಪರಿಣಮಿಸುತ್ತದೆ.

ಇನ್ನು ಗ್ರಂಥಪಾಲರ ಮಾತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಓಲೆಯ ಕಟ್ಟೊಂದನ್ನು ತಂದೊಪ್ಪಿಸಿದರು. ಅಲ್ಲಿನ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು; 1909ರಲ್ಲಿ ಅದರ ಮೂಲಪಾಠ ಅಚ್ಚಾಗಿ ಹೊರಬಂತು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತ ಚರ್ಚೆಯ ದಾರಿಯೇ ಅದರಿಂದ ಬದಲಾಯಿತು. ಕಟ್ಟನ್ನು ಪಡೆದು ಸಂಖ್ಯೆ ಹಾಕಿ ಜೋಪಾನ ಮಾಡಿದ್ದರೆ ನಿಯಮದ ಪ್ರಕಾರ ಸೇವೆ ಪೂರ್ಣವಾಗುತ್ತಿತ್ತು. ವಿದ್ಯೆಗೆ ಮಾತ್ರ ಏನೂ ದೊರೆಯುತ್ತಿರಲಿಲ್ಲ. ಎಲ್ಲ ಗ್ರಂಥಪಾಲರೂ ಶಾಮಶಾಸ್ತ್ರಿಗಳಾಗಬೇಕೆಂದು ಬಯಸುವುದು ಅತಿಯಾಸೆ. ಆದರೆ ವಿಷಯಜ್ಞಾನವುಳ್ಳ ಒಬ್ಬರಾದರೂ ಪರಾಮರ್ಶನದ ಮೇಜಿನ ಬಳಿ ಇರಬೇಕೆಂದು ಬಯಸುವುದು ಅತಿಯಲ್ಲ.

ವಾಚನಮಂದಿರವನ್ನು ಕುರಿತೂ ಒಂದು ಮಾತು ಹೇಳಬೇಕಾಗಿದೆ. ಅಲ್ಲಿ ಇಂದು ಕುಳಿತವರಲ್ಲಿ ಅನೇಕರು ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ತಮ್ಮ ಪುಸ್ತಕಗಳನ್ನು ತಾವೇ ತಂದು ಓದುವವರು. ಇದನ್ನು ಹಳಿಯುವವರೂ ಉಂಟು, ನಾವು ಹಳಿಯಲಾರೆವು. ಮನೆಯಲ್ಲಿ ಒಂದು ಮೂಲೆಯೂ ಓದಿಗೆ ಸಿಕ್ಕದ ಹುಡುಗ ಹುಡುಗಿಯರಿಗೆ ದೀಪ, ಗಾಳಿ, ಮೌನ ಇವನ್ನು ಒದಗಿಸುವುದೂ ವಿದ್ಯಾಸೇವೆಯೇ. ಆಕ್ಷೇಪವಿರುವುದು ಮಂದಿರಕ್ಕೂ ಕಪಾಟಿಗೂ ನಡುವೆ ಏರ್ಪಟ್ಟಿರುವ ಅಂತರದ ಮೇಲೆ. ಕಪಾಟುಗಳ ಸಾಲುಗಳ ನಡುವೆಯೇ ಕೆಲವು ಮೇಜುಗಳಿದ್ದರೆ, ಪರೀಕ್ಷೆಗೆ ಓದಲು ಬಂದವನ ಕೈಯೂ ಎಂದಾದರೊಂದು ದಿನ ಪಕ್ಕದ ಪುಸ್ತಕದತ್ತ ಚಾಚೀತು.

ಇಷ್ಟೆಲ್ಲ ದೋಷಗಳನ್ನು ಎಣಿಸಿದ ನಾವು ಅಧ್ಯಾಪಕರನ್ನು ಬಿಟ್ಟುಬಿಟ್ಟರೆ ವಿಮರ್ಶೆ ಪಕ್ಷಪಾತವಾದೀತು. ಪಠ್ಯಪುಸ್ತಕದ ಹೆಸರೊಂದನ್ನು ಬರೆದುಕೊಟ್ಟು ವಿದ್ಯಾರ್ಥಿಗಳನ್ನು ಗ್ರಂಥಾಲಯಕ್ಕೆ ಅಟ್ಟುವವರು ನಾವೇ. ಅವರೊಡನೆ ಹೋಗಿ ಶಾಸನಸಂಪುಟದ ಪೀಠಿಕೆಯನ್ನು, ಪದಸೂಚಿಯನ್ನು ತೆರೆದು ತೋರಿಸುವವರು ವಿರಳ. ಕನ್ನಡ ಪುಸ್ತಕಗಳು ಕನ್ನಡ ಲಿಪಿಯಲ್ಲಿಯೇ ಸೂಚಿಯನ್ನು ಸೇರಲಿ. ವರ್ಷಾರಂಭದಲ್ಲಿ ಪ್ರಬಂಧಗಳ ವಿಷಯಪಟ್ಟಿಯನ್ನು ವಿಭಾಗವು ಗ್ರಂಥಪಾಲರಿಗೆ ಒಪ್ಪಿಸಲಿ. ಮೊದಲ ತಿಂಗಳ ಒಂದೆರಡು ತರಗತಿಗಳಾದರೂ ಕಪಾಟುಗಳ ನಡುವೆ ನಡೆಯಲಿ. ಈ ಮೂರಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ. ಕೊನೆಯ ಎರಡನ್ನಂತೂ ಬರುವ ವರ್ಷದಿಂದಲೇ ನಾವು ಆರಂಭಿಸಬಹುದು.